ಎನ್‌ಜಿಒ ರಿಸರ್ಚ್ ಪ್ರಾಕ್ಟಿಕಮ್ ರಿವ್ಯೂ: 5ಕ್ಕೆ 3

ಡೆವಲಪ್‌ಮೆಂಟ್ ಎಂಎ, ಎಂಎಸ್‌ಡಬ್ಲ್ಯೂ ಸೇರೋರು ಪ್ರಾಕ್ಟಿಕಮ್ (ಎನ್‌ಜಿಒ ಜೊತೆ ಹೋಗಿ ಸಂಶೋಧನೆ ಮಾಡಿ ಕಲಿಯೋ ತರಬೇತಿ) ಹೇಗಿರತ್ತೆ ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ಬರೀತಿದೀನಿ. ನಾನು ಓದಿದ ಕಾಲೇಜಿನ ಹೆಸರು ಬೇಡ. 3 ಸ್ಟಾರ್ ಪೂರ್ತಿ ಫೀಲ್ಡ್‌ಗೇ ಕೊಟ್ಟಿರೋದು.

ಕ್ಲಾಸಲ್ಲಿ ಕೂತು ಪ್ರಶ್ನಾವಳಿ ಮಾಡ್ದಾಗ ಎಲ್ಲಾ ಸರಿಯಾಗೇ ಕಾಣ್ಸತ್ತೆ, ಸ್ವಸಹಾಯ ಸಂಘದ ಹೆಂಗಸರ ಹತ್ರ ಹೋಗಿ "ತಿಂಗಳಿಗೆ ಎಷ್ಟು ದುಡೀತೀರಮ್ಮ" ಅಂದ್ರೆ ಸುಮ್ನೆ ಮುಖ ನೋಡ್ತಾರೆ, ಯಾಕಂದ್ರೆ ಅವ್ರದ್ದು ದಿನಗೂಲಿ, ಕಳೆ ಕೀಳೋ ಟೈಮಲ್ಲಿ ಕೈತುಂಬ ಕೆಲ್ಸ, ಬೇಸಿಗೇಲಿ ಏನೂ ಇಲ್ಲ. ಹೋದ ವಾರ ಎಷ್ಟು ದಿನ ಹೋಗಿದ್ರಿ, ದಿನಕ್ಕೆ ಎಷ್ಟು ಕೊಟ್ರು ಅಂತ ಬಿಡಿಸಿ ಕೇಳಿದ್ರೆ ಲೆಕ್ಕ ಪಟಪಟ ಬರತ್ತೆ. ಒಬ್ರು ಅಜ್ಜಿ "ಇದ್ನ ಬರ್ಕೊಂಡ್ರೆ ನಮ್ ರೇಷನ್ ಕಾರ್ಡ್ ಹೋಗಲ್ವಾ" ಅಂದ್ರು, ಒಪ್ಪಿಗೆ ತಗೊಳ್ಳೋದು ಅಂದ್ರೆ ಸೈನ್ ಹಾಕ್ಸೋದಲ್ಲ, ಈ ಭಯ ಹೋಗೋ ಹಾಗೆ ಮಾತಾಡೋದು ಅಂತ ಅಲ್ಲೇ ಅರ್ಥ ಆಗಿದ್ದು. ಸರ್ವೆ ಮಾಡೋಕೆ ಬಳಸೋ ಕೋಬೋ ಟೂಲ್‌ಬಾಕ್ಸ್ ಅನ್ನೋ ಸಾಫ್ಟ್‌ವೇರ್ ಕಲಿಸಿದ್ದಂತೂ ತುಂಬಾ ಉಪಯೋಗ ಆಯ್ತು, ಕನ್ನಡದಲ್ಲೇ ಫಾರ್ಮ್ ಮಾಡ್ಬೋದು, ನೆಟ್‌ವರ್ಕ್ ಇಲ್ದೇ ಇದ್ರೂ ಮೊಬೈಲಲ್ಲಿ ತುಂಬಿ ಆಮೇಲೆ ಕಳಿಸ್ಬೋದು.

ಇನ್ನು 2 ಸ್ಟಾರ್ ಯಾಕೆ ಹೋಯ್ತು ಅಂದ್ರೆ, ಸೆಮಿಸ್ಟರ್‌ಗೂ ಸಂಸ್ಥೆ ಕೆಲ್ಸಕ್ಕೂ ತಾಳಮೇಳವೇ ಇಲ್ಲ. ನಮ್ಮನ್ನ ಕಳಿಸಿದ್ದು ಮಾರ್ಚ್ ಹತ್ರ, ಅವ್ರಿಗೆ ಫಂಡರ್ ರಿಪೋರ್ಟು, ಆಡಿಟ್ಟು, ಉಸಿರಾಡಕ್ಕೂ ಟೈಮಿಲ್ಲ, ನಮಗೆ ಸಿಕ್ಕಿದ್ದು ಹಳೇ ಫಾರ್ಮ್‌ಗಳ ಡೇಟಾ ಎಂಟ್ರಿ. ಅವ್ರನ್ನೇ ಬೈಯಕ್ಕೂ ಮನಸ್ಸು ಬರಲ್ಲ, ವಿದೇಶಿ ದೇಣಿಗೆ ಕಾನೂನಿಗೆ 2020ರಲ್ಲಿ ತಿದ್ದುಪಡಿ ಆದ್ಮೇಲೆ ಆ ದೇಣಿಗೇಲಿ ಆಡಳಿತ ಖರ್ಚಿನ ಮಿತಿ ಶೇ. 50ರಿಂದ 20ಕ್ಕೆ ಇಳಿದಿದೆ, ಅಂಥದ್ರಲ್ಲಿ ಸ್ಟೂಡೆಂಟ್‌ಗೆ ಕೂತು ಹೇಳ್ಕೊಡಕ್ಕೆ ಒಬ್ಬರನ್ನ ಬಿಟ್ಟುಕೊಡೋದು ಚಿಕ್ಕ ಸಂಸ್ಥೆಗೆ ಕಷ್ಟಾನೇ. ಆ ಖರ್ಚನ್ನ ಕಾಲೇಜು ಹೊರಬೇಕು, ಫೀಸ್ ತಗೊಳ್ಳೋದು ಅವ್ರು ತಾನೇ? 2021ರಿಂದ ದೊಡ್ಡ ಕಂಪನಿಗಳು 1 ಕೋಟಿ ಮೇಲಿನ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಪ್ರಾಜೆಕ್ಟ್‌ಗಳಿಗೆ ಹೊರಗಿನವರಿಂದ ಪರಿಣಾಮದ ಅಧ್ಯಯನ ಮಾಡಿಸ್ಲೇಬೇಕು, ಅಂದ್ರೆ ಈ ಕೆಲ್ಸ ಬಲ್ಲವರಿಗೆ ಬೇಡಿಕೆ ಇದೆ, ಆದ್ರೆ ಸ್ಯಾಂಪಲ್ ಆರಿಸೋದ್ರಿಂದ ಹಿಡಿದು ರಿಪೋರ್ಟ್ ತನಕ ಒಂದ್ಸಲಾನೂ ಪೂರ್ತಿ ಮಾಡದೇ ಡಿಗ್ರಿ ಕೈಗೆ ಬರತ್ತೆ.

ನಂಗೆ ಜಾಸ್ತಿ ಬೇಜಾರಾಗಿದ್ದು ಬೇರೆ, ಉತ್ತರ ಕೊಟ್ಟ ಹೆಂಗಸರಿಗೆ ನಾವು ಕಂಡ್ಕೊಂಡಿದ್ದನ್ನ ಹೋಗಿ ಹೇಳಕ್ಕೆ ವೇಳಾಪಟ್ಟೀಲಿ ಒಂದು ದಿನಾನೂ ಇಟ್ಟಿರಲಿಲ್ಲ. ಅಡ್ಮಿಷನ್ ಮುಂಚೆ ಇದನ್ನ ಕೇಳಿ, ಜೊತೆಗೆ ಫೀಲ್ಡಲ್ಲಿ ಗೈಡ್ ಮಾಡೋರು ಯಾರು, ವಾರಕ್ಕೆ ಎಷ್ಟು ಹೊತ್ತು ಸಿಗ್ತಾರೆ ಅಂತಾನೂ ಕೇಳಿ.