ತೀರ್ಥಹಳ್ಳಿಯ ಕಚೇರಿಯಲ್ಲಿ ಕಂಪ್ಯಾಟಿಬಲ್ ಕಾರ್ಟ್ರಿಜ್: ಎರಡು ಮಳೆಗಾಲಗಳ ಅನುಭವ

ತೀರ್ಥಹಳ್ಳಿಯಲ್ಲಿ ನಾನು ನಡೆಸುವ ಸಣ್ಣ ಕಚೇರಿಯಲ್ಲಿ ಅರ್ಜಿ ಬರೆದುಕೊಡುವುದು, ಪಹಣಿಯ ಪ್ರತಿ ತೆಗೆದುಕೊಡುವುದು, ಕರಾರು ಪತ್ರ ಟೈಪ್ ಮಾಡುವುದು, ಅಡಿಕೆ ವ್ಯಾಪಾರಸ್ಥರ ಜಿಎಸ್‌ಟಿ ಲೆಕ್ಕ ಸಲ್ಲಿಸುವುದು, ಇವೇ ದಿನನಿತ್ಯದ ಕೆಲಸ. ತಿಂಗಳಿಗೆ ಒಂದೂವರೆ ರಿಮ್ (ಒಂದು ರಿಮ್ ಎಂದರೆ 500 ಹಾಳೆ) ಕಾಗದ ಖರ್ಚಾಗುತ್ತದೆ. ಕಚೇರಿಯಲ್ಲಿ ಒಂದು ಕಪ್ಪು-ಬಿಳುಪು ಲೇಸರ್ ಪ್ರಿಂಟರ್ ಮತ್ತು ಒಂದು ಇಂಕ್ ಟ್ಯಾಂಕ್ ಪ್ರಿಂಟರ್ ಇವೆ; ಮನೆಯಲ್ಲಿ ಮಗಳ ಶಾಲೆಯ ಕೆಲಸಕ್ಕೆ ಎರಡು ಕಾರ್ಟ್ರಿಜ್‌ನ ಚಿಕ್ಕ ಇಂಕ್‌ಜೆಟ್ ಇದೆ. ಕಳೆದ ಎರಡು ಮಳೆಗಾಲ ಈ ಮೂರಕ್ಕೂ ಮೂಲ ಕಂಪನಿಯದಲ್ಲದ ಟೋನರ್ (ಲೇಸರ್‌ಗೆ ಹಾಕುವ ಪುಡಿ) ಮತ್ತು ಇಂಕನ್ನೇ ಬಳಸಿ ನೋಡಿದೆ. ಒಂದರಲ್ಲಿ ಸಂಪೂರ್ಣ ತೃಪ್ತಿ ಸಿಕ್ಕಿತು, ಒಂದರಲ್ಲಿ ಅರ್ಧ ತೃಪ್ತಿ, ಇನ್ನೊಂದರಲ್ಲಿ ಯಂತ್ರವನ್ನೇ ಕಳೆದುಕೊಳ್ಳುವ ಹಂತ ತಲುಪಿದೆ. ಈ ವ್ಯತ್ಯಾಸಕ್ಕೆ ಕಾರಣ ಇಂಕಿನ ಗುಣಮಟ್ಟ ಮಾತ್ರವಲ್ಲ. ಕೆಡುವ ಭಾಗ ಕಾರ್ಟ್ರಿಜ್‌ನಲ್ಲಿದೆಯೋ ಯಂತ್ರದಲ್ಲಿದೆಯೋ ಎಂಬುದೇ ಮುಖ್ಯ.

ಮೊದಲು ಲೇಸರ್‌ನ ವಿಷಯ. ನಮ್ಮದು ಕ್ಯಾನನ್ ಎಲ್‌ಬಿಪಿ 2900. ಮಲೆನಾಡಿನ ಎಷ್ಟೋ ಪತ್ರ ಬರಹಗಾರರ ಮೇಜಿನ ಮೇಲೆ ಇಂದಿಗೂ ಇದೇ ಯಂತ್ರ ಕಾಣಸಿಗುತ್ತದೆ. ಇದಕ್ಕೆ ಹಾಕುವ 303 ಕಾರ್ಟ್ರಿಜ್ ಮತ್ತು ಎಚ್‌ಪಿ ಲೇಸರ್‌ಜೆಟ್ 1020 ಹಾಗೂ ಎಂ1005 ಯಂತ್ರಗಳಿಗೆ ಹಾಕುವ 12ಎ ಕಾರ್ಟ್ರಿಜ್ ಒಂದೇ ಅಚ್ಚಿನವು. ಹಾಗಾಗಿ ಪೇಟೆಯಲ್ಲಿ ಸಿಗುವ ಕಂಪ್ಯಾಟಿಬಲ್, ಅಂದರೆ ಬೇರೆ ಕಂಪನಿ ಮಾಡಿದ ಕಾರ್ಟ್ರಿಜ್‌ನ ಡಬ್ಬಿಯ ಮೇಲೆ '12ಎ/303' ಎಂದು ಎರಡೂ ಸಂಖ್ಯೆಗಳನ್ನು ಮುದ್ರಿಸಿರುತ್ತಾರೆ. ಮೂಲ ಕಾರ್ಟ್ರಿಜ್‌ಗೆ ನಾನು ಕೊನೆಯ ಬಾರಿ ಕೊಟ್ಟದ್ದು ಐದು ಸಾವಿರ ರೂಪಾಯಿಗೆ ಹತ್ತಿರ. ಕಂಪ್ಯಾಟಿಬಲ್‌ಗೆ 550 ರೂಪಾಯಿ. ಮೂಲ ಕಾರ್ಟ್ರಿಜ್ 2,000 ಪುಟ ಮುದ್ರಿಸುತ್ತದೆ ಎಂಬ ಲೆಕ್ಕ ಪುಟದ ನೂರಕ್ಕೆ ಐದರಷ್ಟು ಜಾಗದಲ್ಲಿ ಮಾತ್ರ ಅಕ್ಷರವಿರುವ ಹಾಳೆಗೆ ಅನ್ವಯಿಸುತ್ತದೆ. ಪಹಣಿಯಂತಹ ಗೆರೆ, ಕೋಷ್ಟಕ, ಒತ್ತೊತ್ತಾದ ಅಕ್ಷರಗಳಿರುವ ಹಾಳೆಗೆ ಅದಕ್ಕಿಂತ ಹೆಚ್ಚು ಪುಡಿ ಬೇಕು. ನಾನು ಪುಟ ಎಣಿಸಲು ಹೋಗದೆ ರಿಮ್ ಎಣಿಸಿದೆ. ಅಕ್ಷರ ಮಸುಕಾಗುವ ಹೊತ್ತಿಗೆ ಒಂದು ಕಂಪ್ಯಾಟಿಬಲ್ ಕಾರ್ಟ್ರಿಜ್‌ಗೆ ಮೂರು ರಿಮ್ ಮುಗಿದು ನಾಲ್ಕನೆಯದು ಅರ್ಧಕ್ಕೆ ಬಂದಿರುತ್ತಿತ್ತು, ಅಂದರೆ ಸುಮಾರು 1,700 ಪುಟ. ಪುಟವೊಂದಕ್ಕೆ 32 ಪೈಸೆ ಬಿತ್ತು.

ಈ ಮಾದರಿಯಲ್ಲಿ ಧೈರ್ಯವಾಗಿ ಕಂಪ್ಯಾಟಿಬಲ್ ಹಾಕಬಹುದು ಎನ್ನಲು ಕಾರಣ ಅದರ ರಚನೆ. ಬೆಳಕಿನಿಂದ ಅಕ್ಷರದ ಅಚ್ಚು ಮೂಡುವ ಡ್ರಮ್, ಅದಕ್ಕೆ ವಿದ್ಯುದಾವೇಶ ಕೊಡುವ ರೋಲರ್, ಪುಡಿಯನ್ನು ಹೊತ್ತು ತರುವ ಮ್ಯಾಗ್ನೆಟಿಕ್ ರೋಲರ್, ಉಳಿದ ಪುಡಿಯನ್ನು ಕೆರೆದು ತೆಗೆಯುವ ವೈಪರ್ ಬ್ಲೇಡ್, ಹಾಗೆ ಕೆರೆದ ಪುಡಿ ಸೇರುವ ಡಬ್ಬಿ, ಇವೆಲ್ಲವೂ ಕಾರ್ಟ್ರಿಜ್‌ನೊಳಗೇ ಇರುತ್ತವೆ. ಕಾರ್ಟ್ರಿಜ್ ಹೊರಬಂದರೆ ಕೆಟ್ಟ ಭಾಗವೂ ಅದರ ಜೊತೆಗೇ ಹೊರಬರುತ್ತದೆ. ಯಂತ್ರದಲ್ಲಿ ಉಳಿಯುವುದು ಹೆಚ್ಚೆಂದರೆ ಚೆಲ್ಲಿದ ಒಂದಿಷ್ಟು ಪುಡಿ. ನಾನು ಕೊಂಡ ಎರಡನೆಯ ಕಾರ್ಟ್ರಿಜ್ ಹೀಗೆಯೇ ಕೈಕೊಟ್ಟಿತು. ಪ್ರತಿ ಹಾಳೆಯ ಎಡಭಾಗದಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು ಒಂದರ ಕೆಳಗೊಂದು ಬೀಳತೊಡಗಿದವು. ಸ್ಕೇಲಿಟ್ಟು ಅಳೆದಾಗ ಚುಕ್ಕೆಯಿಂದ ಚುಕ್ಕೆಗೆ ಸರಿಯಾಗಿ ಏಳೂವರೆ ಸೆಂಟಿಮೀಟರ್ ಇತ್ತು. ಆ ಡ್ರಮ್ಮಿನ ವ್ಯಾಸ ಸುಮಾರು 24 ಮಿಲಿಮೀಟರ್, ಸುತ್ತಳತೆ 75 ಮಿಲಿಮೀಟರ್‌ನಷ್ಟಾಗುತ್ತದೆ. ಆದ್ದರಿಂದ ದೋಷ ಡ್ರಮ್ಮಿನದೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಆ ಹಾಳೆಯನ್ನೂ ಕಾರ್ಟ್ರಿಜ್ಜನ್ನೂ ಶಿವಮೊಗ್ಗಕ್ಕೆ ಒಯ್ದು ತೋರಿಸಿದಾಗ ಅಂಗಡಿಯ ಹುಡುಗ, "ಸರ್, ಅಳತೆ ಮಾಡಿಕೊಂಡೇ ಬಂದಿದ್ದೀರಲ್ಲ, ಇನ್ನು ನಾನೇನು ಹೇಳಲಿ" ಎಂದು ಮರುಮಾತಿಲ್ಲದೆ ಬದಲಿಸಿಕೊಟ್ಟ. ಅಂಗಡಿಯವರ ಈ ನಡವಳಿಕೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಆನ್‌ಲೈನ್‌ನಲ್ಲಿ ಐವತ್ತು ರೂಪಾಯಿ ಕಡಿಮೆಗೆ ಸಿಗುತ್ತದೆಂದು ತರಿಸಿಕೊಂಡಿದ್ದರೆ ವಾಪಸು ಕಳಿಸುವ ಅವಧಿ ಮುಗಿದೇ ಹೋಗಿರುತ್ತಿತ್ತು.

ಮಳೆಗಾಲದಲ್ಲಿ ಕಾಡುವ ತೊಂದರೆಯೇ ಬೇರೆ. ಟೋನರ್ ಎನ್ನುವುದು ಪ್ಲಾಸ್ಟಿಕ್ಕಿನ ನುಣ್ಣನೆಯ ಪುಡಿ. ಬಿಸಿ ರೋಲರ್ ಅದನ್ನು ಕರಗಿಸಿ ಕಾಗದಕ್ಕೆ ಅಂಟಿಸುತ್ತದೆ. ಆ ಯಂತ್ರದ ಬಿಸಿಗೆ ಹೊಂದದ ಅಗ್ಗದ ಪುಡಿಯಾದರೆ ಅಕ್ಷರ ನೋಡಲು ಕಪ್ಪಗಿದ್ದರೂ ಗಟ್ಟಿಯಾಗಿ ಕೂರುವುದಿಲ್ಲ. ಕಾಗದ ಥಂಡಿ ಹಿಡಿದಿದ್ದರಂತೂ ಇನ್ನೂ ಕಷ್ಟ. ಹೊಸ ಕಾರ್ಟ್ರಿಜ್ ಹಾಕಿದೊಡನೆ ನಾನು ಒಂದು ಹಾಳೆ ಮುದ್ರಿಸಿ, ಅಕ್ಷರಗಳ ಮೇಲೆ ಹೆಬ್ಬೆರಳಿನಿಂದ ಬಲವಾಗಿ ಉಜ್ಜುತ್ತೇನೆ. ಬಳಿಕ ಹಾಳೆಯನ್ನು ಮಡಿಸಿ, ಉಗುರಿನಿಂದ ಗೀರಿ, ಬಿಡಿಸಿ ನೋಡುತ್ತೇನೆ. ಮಡಿಕೆಯ ಮೇಲೆ ಅಕ್ಷರ ಪುಡಿಪುಡಿಯಾಗಿ ಉದುರಿದರೆ ಆ ಕಾರ್ಟ್ರಿಜ್ ನನಗೆ ಬೇಡ. ಕರಾರು ಪತ್ರವನ್ನು ಜನ ನಾಲ್ಕು ಮಡಿಕೆ ಮಾಡಿ ಟ್ರಂಕಿನಲ್ಲಿ ಹತ್ತಾರು ವರ್ಷ ಇಡುತ್ತಾರೆ. ಮಡಿಕೆಯ ಮೇಲೆಯೇ ಸರ್ವೆ ನಂಬರ್ ಬಂದಿದ್ದರೆ ಏನಾಗಬಹುದು ಎಂಬುದನ್ನು ಯೋಚಿಸಬೇಕು. ಕಾಗದದ ರಿಮ್‌ಗಳನ್ನು ನಾನು ಮರದ ಕಪಾಟಿನಲ್ಲಿಟ್ಟು ಮಳೆಗಾಲವಿಡೀ ಒಳಗೊಂದು ಬಲ್ಬು ಉರಿಸುತ್ತೇನೆ. ನಮ್ಮ ಕಡೆ ಬಟ್ಟೆಗೆ ಬೂಷ್ಟು ಹಿಡಿಯದಿರಲಿ ಎಂದು ಮಾಡುವ ಉಪಾಯವೇ ಇದು.

ಅಂಗಡಿಯಲ್ಲಿ 'ಲೋಕಲ್' ಎಂಬ ಒಂದೇ ಮಾತಿನಲ್ಲಿ ಮೂರು ಬಗೆಯ ಸರಕು ಮಾರಾಟವಾಗುತ್ತದೆ. ಕಂಪ್ಯಾಟಿಬಲ್ ಎಂದರೆ ಬೇರೆ ಕಂಪನಿ ತನ್ನದೇ ಹೆಸರಿನಲ್ಲಿ ಹೊಸದಾಗಿ ಮಾಡಿದ್ದು. ರೀಫಿಲ್ ಎಂದರೆ ನಮ್ಮದೇ ಹಳೆಯ ಕಾರ್ಟ್ರಿಜ್‌ಗೆ ಪುಡಿ ತುಂಬಿಕೊಡುವುದು. ಮೂಲ ಕಂಪನಿಯ ಡಬ್ಬಿಯನ್ನೇ ಅನುಕರಿಸಿ ಮೂಲದ ಬೆಲೆಗೋ ತುಸು ಕಡಿಮೆಗೋ ಮಾರುವುದು ಡೂಪ್ಲಿಕೇಟ್, ಅದು ವಂಚನೆ. ರೀಫಿಲ್ ಅಗ್ಗವೇನೋ ಹೌದು. ಆದರೆ ಸವೆದ ಡ್ರಮ್ ಸವೆದೇ ಇರುತ್ತದೆ, ಕೆರೆದ ಪುಡಿಯ ಡಬ್ಬಿಯನ್ನು ಖಾಲಿ ಮಾಡದೆ ಬರೀ ತೂತು ಕೊರೆದು ಹೊಸ ಪುಡಿ ಸುರಿದರೆ ಕೆಲವೇ ದಿನಗಳಲ್ಲಿ ಹಾಳೆಯ ಉದ್ದಕ್ಕೂ ಕಪ್ಪು ಗೆರೆ ಬೀಳುತ್ತದೆ. ರೀಫಿಲ್ ಮಾಡಿಸುವವರು ಎದುರಿಗೇ ನಿಂತು ಆ ಡಬ್ಬಿ ಬಿಚ್ಚಿಸಿ ಖಾಲಿ ಮಾಡಿಸಬೇಕು.

ಮನೆಯ ಚಿಕ್ಕ ಇಂಕ್‌ಜೆಟ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಇಂಥವುಗಳಲ್ಲಿ ಇಂಕ್ ಚಿಮ್ಮುವ ಹೆಡ್ ಕಾರ್ಟ್ರಿಜ್‌ನ ತಳದಲ್ಲೇ ಇರುವುದರಿಂದ ಅಗ್ಗಕ್ಕೆ ಸಿಗುವುವು ಬಹುಪಾಲು ಮರುತುಂಬಿದ ಹಳೆಯ ಕಾರ್ಟ್ರಿಜ್‌ಗಳೇ. ಇಂಕನ್ನು ಬಿಸಿ ಮಾಡಿ ಗುಳ್ಳೆ ಎಬ್ಬಿಸಿ ಚಿಮ್ಮಿಸುವ ಬಗೆಯಾದ್ದರಿಂದ ಪೂರ್ತಿ ಖಾಲಿಯಾದ ಮೇಲೂ ಮುದ್ರಿಸುತ್ತಲೇ ಹೋದರೆ ಹೆಡ್ ಸುಟ್ಟುಹೋಗುತ್ತದೆ. ನಮ್ಮ ಕಪ್ಪು ಕಾರ್ಟ್ರಿಜ್ ಎರಡು ಬಾರಿ ತುಂಬಿಸಿದಾಗ ಚೆನ್ನಾಗಿ ನಡೆದು ಮೂರನೆಯ ಬಾರಿ ಸತ್ತಿತು. ಮಕ್ಕಳ ಪ್ರಾಜೆಕ್ಟ್ ಕೆಲಸಕ್ಕೆ ಅಷ್ಟು ಸಾಕು, ಯಂತ್ರಕ್ಕೂ ಅಪಾಯವಿಲ್ಲ.

ನಾನು ನಿಜವಾಗಿ ಎಡವಿದ್ದು ಟ್ಯಾಂಕ್ ಪ್ರಿಂಟರ್‌ನಲ್ಲಿ. ಇದರಲ್ಲಿ ಹೆಡ್ ಯಂತ್ರದೊಳಗೇ ಶಾಶ್ವತವಾಗಿ ಕುಳಿತಿರುತ್ತದೆ. ನಾವು ಬಾಟಲಿಯಿಂದ ಸುರಿಯುವ ಇಂಕ್ ಕೊಳವೆಗಳ ಮೂಲಕ ಅದಕ್ಕೆ ತಲುಪಿ, ಕೂದಲೆಳೆಗಿಂತ ಸಣ್ಣ ರಂಧ್ರಗಳಿಂದ ಹೊರಬರುತ್ತದೆ. ಮೂಲ ಬಾಟಲಿ ನಾನೂರು ರೂಪಾಯಿ, ಪಕ್ಕದ ಬಾಟಲಿ ನೂರೈವತ್ತು ಎಂದು ಕಂಡಾಗ ಎರಡನೆಯದನ್ನೇ ತಂದು ನಾಲ್ಕೂ ಬಣ್ಣ ತುಂಬಿದೆ. ಒಂದು ತಿಂಗಳು ಯಾವ ದೋಷವೂ ಕಾಣಲಿಲ್ಲ. ದೀಪಾವಳಿಗೆ ಹತ್ತು ದಿನ ಕಚೇರಿ ಮುಚ್ಚಿ ಬಂದು ನಾಝಲ್ ಚೆಕ್ (ಹೆಡ್ಡಿನ ರಂಧ್ರಗಳನ್ನು ಪರೀಕ್ಷಿಸುವ ಹಾಳೆ) ತೆಗೆದಾಗ ಕೆಂಪಿನ ಗೆರೆಗಳಲ್ಲಿ ಅರ್ಧಕ್ಕರ್ಧ ಇರಲೇ ಇಲ್ಲ. ಗಾಬರಿಯಿಂದ ಒಂದೇ ಸಮನೆ ಐದಾರು ಬಾರಿ ಹೆಡ್ ಕ್ಲೀನಿಂಗ್ ಕೊಟ್ಟೆ. ಅದೂ ತಪ್ಪೇ, ಏಕೆಂದರೆ ಪ್ರತಿ ಬಾರಿಯೂ ಟ್ಯಾಂಕಿನ ಇಂಕ್ ಹೋಗಿ ಯಂತ್ರದ ತಳದ ಪ್ಯಾಡಿನಲ್ಲಿ ತುಂಬಿಕೊಳ್ಳುತ್ತದೆ, ಆ ಪ್ಯಾಡ್ ತುಂಬಿದರೆ ಪ್ರಿಂಟರ್ ತಾನಾಗಿ ನಿಂತುಬಿಡುತ್ತದೆ. ರಿಪೇರಿಯವರು ಕೊಳವೆ ಬಿಚ್ಚಿ ತೋರಿಸಿದಾಗ ಒಳಗೆ ಇಂಕ್ ಜೋನಿ ಬೆಲ್ಲದ ಹಾಗೆ ಅಂಟಂಟಾಗಿ ನಿಂತಿತ್ತು. ಹೊಸ ಹೆಡ್ಡಿಗೆ ಯಂತ್ರದ ಬೆಲೆಯ ಅರ್ಧದಷ್ಟಾಗುತ್ತದೆ ಎಂದರು. ಬೇರೆ ಇಂಕಿನಿಂದಾದ ಹಾನಿ ವಾರಂಟಿಗೆ ಸೇರುವುದಿಲ್ಲ. ಎರಡು ದಿನ ಕ್ಲೀನಿಂಗ್ ದ್ರಾವಣ ಹಾಯಿಸಿ ಹೇಗೋ ಉಳಿಸಿಕೊಟ್ಟರು, ಆದರೂ ಫೋಟೊ ಮುದ್ರಿಸಿದರೆ ಆಕಾಶದಲ್ಲಿ ಇಂದಿಗೂ ಸಣ್ಣ ಅಡ್ಡಗೆರೆ ಉಳಿದಿದೆ.

ಆ ಮೇಲೆ ಕುಳಿತು ಲೆಕ್ಕ ಹಾಕಿದೆ. ಈ ಪ್ರಿಂಟರ್‌ಗೆ ಹಾಕುವ ಎಪ್ಸನ್‌ನ 003 ಕಪ್ಪು ಇಂಕಿನ 65 ಮಿಲಿಲೀಟರ್ ಬಾಟಲಿಗೆ ಕಂಪನಿ ಹೇಳುವುದು 4,500 ಪುಟ. ಎರಡು ಬಾಟಲಿಗಳ ನಡುವಿನ ಇನ್ನೂರೈವತ್ತು ರೂಪಾಯಿ ವ್ಯತ್ಯಾಸವನ್ನು ಅದಕ್ಕೆ ಹಂಚಿದರೆ ಪುಟಕ್ಕೆ ಆರು ಪೈಸೆಯೂ ಉಳಿಯುವುದಿಲ್ಲ. ಲೇಸರ್‌ನಲ್ಲಿ ಪುಟಕ್ಕೆ ಎರಡು ರೂಪಾಯಿ ಉಳಿಯುವ ಕಡೆ ಯಂತ್ರಕ್ಕೆ ಅಪಾಯವಿಲ್ಲ. ಇಲ್ಲಿ ಆರು ಪೈಸೆಗಾಗಿ ಯಂತ್ರವನ್ನೇ ಪಣಕ್ಕಿಟ್ಟಿದ್ದೆ.

ನಮ್ಮ ಊರಿನವರು ಗಮನಿಸಲೇಬೇಕಾದ ಇನ್ನೊಂದು ಸಂಗತಿಯಿದೆ. ಇಂಕಿನಲ್ಲಿ ಡೈ, ಪಿಗ್ಮೆಂಟ್ ಎಂದು ಎರಡು ಬಗೆ. ಡೈ ನೀರಿನಲ್ಲಿ ಕರಗಿದ ಬಣ್ಣ, ಪಿಗ್ಮೆಂಟ್ ನೀರಿನಲ್ಲಿ ತೇಲುವ ಬಣ್ಣದ ಕಣ. ಕೆಲವು ಟ್ಯಾಂಕ್ ಪ್ರಿಂಟರ್‌ಗಳ ಕಪ್ಪು ಇಂಕ್ ಪಿಗ್ಮೆಂಟ್, ಕೆಲವುದರದು ಡೈ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಬಾರದು. ಬೇರೆ ಕಂಪನಿಯ ಬಾಟಲಿಗಳ ಮೇಲೆ ಎಷ್ಟೋ ಬಾರಿ ಯಾವ ಬಗೆಯೆಂದೇ ಬರೆದಿರುವುದಿಲ್ಲ. ನಾನು ತುಂಬಿದ್ದು ಡೈ. ಅದಕ್ಕೂ ಹಿಂದಿನ ಪುಷ್ಯ ಮಳೆಯ ವಾರದಲ್ಲಿ, ಲೇಸರ್ ಕೆಟ್ಟಿದ್ದ ದಿನ, ಹಿರಿಯರೊಬ್ಬರಿಗೆ ಬೆಳೆ ಸಾಲದ ಅರ್ಜಿಯನ್ನು ಟ್ಯಾಂಕ್ ಪ್ರಿಂಟರ್‌ನಲ್ಲಿ ಅಂಥದೇ ಇಂಕಿನಿಂದ ಮುದ್ರಿಸಿಕೊಟ್ಟಿದ್ದೆ. ಅವರು ಅಂಗಿಯ ಒಳಗಿಟ್ಟುಕೊಂಡು ಬಸ್ ನಿಲ್ದಾಣದವರೆಗೆ ಹೋಗುವಷ್ಟರಲ್ಲಿ ಛತ್ರಿಯಂಚಿನ ಹನಿ ಬಿದ್ದು, ಹೆಸರಿದ್ದ ಕಡೆ ನೇರಳೆ ಬಣ್ಣ ಹರಡಿತ್ತು. ವಾಪಸು ಬಂದು, "ಮಾರಾಯ್ರೆ, ನನ್ನ ಹೆಸರೇ ತೊಳೆದು ಹೋಯ್ತಲ್ಲ, ಇದನ್ನ ಬ್ಯಾಂಕಿನವರು ತಗೊಳ್ತಾರಾ?" ಎಂದು ಕೇಳಿದಾಗ ನನಗೆ ಬಹಳ ನೋವಾಯಿತು. ಅಂದಿನಿಂದ ಯಾವ ಹೊಸ ಇಂಕ್ ಬಂದರೂ ಮೊದಲ ಹಾಳೆಯ ಮೇಲೆ ಚಮಚದಿಂದ ನಾಲ್ಕು ಹನಿ ನೀರು ಬಿಟ್ಟು ನೋಡುತ್ತೇನೆ. ದಾಖಲೆಗಳಿಗೆ ಲೇಸರ್ ಬಿಟ್ಟು ಬೇರೆ ಬಳಸುವುದಿಲ್ಲ.

ಕಾರ್ಟ್ರಿಜ್ ಯಾರದೆಂದು ಯಂತ್ರಕ್ಕೆ ತಿಳಿಸುವ ಚಿಪ್ ಇರುವ ಹೊಸ ಯಂತ್ರ ಕೊಳ್ಳುವವರಿಗೆ ಒಂದು ಮಾತು. 12ಎ ಕಾರ್ಟ್ರಿಜ್‌ನಲ್ಲಿ ಚಿಪ್ ಇಲ್ಲದಿರುವುದೇ ಅದಕ್ಕೆ ಇಷ್ಟು ಬಗೆಯ ಅಗ್ಗದ ಪರ್ಯಾಯ ಸಿಗಲು ಒಂದು ಕಾರಣ. ಚಿಪ್ ಇದ್ದಲ್ಲಿ ಇಂದು ಒಪ್ಪಿದ ಕಂಪ್ಯಾಟಿಬಲ್ ಅನ್ನು ನಾಳಿನ ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ಒಪ್ಪದೇ ಹೋಗಬಹುದು. 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿಯ ಹಲವು ಆಫೀಸ್‌ಜೆಟ್ ಪ್ರಿಂಟರ್‌ಗಳು ಹೀಗೆ ಒಮ್ಮೆಲೇ ಬೇರೆ ಕಂಪನಿಗಳ ಕಾರ್ಟ್ರಿಜ್‌ಗಳನ್ನು ತಿರಸ್ಕರಿಸಿ, ಬಳಕೆದಾರರ ಆಕ್ಷೇಪದ ಬಳಿಕ ಕಂಪನಿ ಆ ತಡೆಯನ್ನು ತೆಗೆಯುವ ಫರ್ಮ್‌ವೇರನ್ನು ಪ್ರತ್ಯೇಕವಾಗಿ ಕೊಡಬೇಕಾಯಿತು. ಯಂತ್ರ ಕೊಳ್ಳುವ ಮುನ್ನವೇ ಅದರ ಕಾರ್ಟ್ರಿಜ್‌ಗೆ ಪರ್ಯಾಯ ಸಿಗುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಈ ವರ್ಷ ಮಳೆ ಹಿಡಿಯುವ ಮೊದಲೇ ಶಿವಮೊಗ್ಗದ ಅದೇ ಅಂಗಡಿಯಿಂದ ಎರಡು 12ಎ ಕಂಪ್ಯಾಟಿಬಲ್ ತಂದಿದ್ದೇನೆ. ಎರಡಕ್ಕೂ ಬಿಲ್ ಬರೆಸಿ, ಕೊಂಡ ದಿನಾಂಕವನ್ನು ಡಬ್ಬಿಯ ಮೇಲೆ ಅಂಗಡಿಯವರ ಕೈಯಲ್ಲೇ ಹಾಕಿಸಿದ್ದೇನೆ. ಒಂದನ್ನು ಐದಾರು ಬಾರಿ ಮೆಲ್ಲಗೆ ಅಲುಗಿಸಿ, ಟೇಪು ಎಳೆದು ಯಂತ್ರಕ್ಕೆ ಹಾಕಿ ಉಜ್ಜಿ ನೋಡಿದ್ದಾಯಿತು, ಅಕ್ಷರ ಗಟ್ಟಿಯಾಗಿದೆ. ಇನ್ನೊಂದು ಬೆಳಕು ತಾಗದಂತೆ ಕಪ್ಪು ಚೀಲದಲ್ಲಿ ಮೇಜಿನ ಖಾನೆಯಲ್ಲಿದೆ. ಟ್ಯಾಂಕ್ ಪ್ರಿಂಟರ್‌ನ ಪಕ್ಕದಲ್ಲಿ ಈಗ ಮೂಲ ಕಂಪನಿಯ ನಾಲ್ಕು ಬಾಟಲಿಗಳಿವೆ. ರಜೆಯಿದ್ದರೂ ವಾರಕ್ಕೊಮ್ಮೆ ಬಂದು ಬಣ್ಣದ ಒಂದು ಹಾಳೆ ಮುದ್ರಿಸಿ ಹೋಗುತ್ತೇನೆ.