ಎರೆದು ಮಾಡಿದ ಎರೆಹುಳು

ಮೀನು ಹಿಡಿಯಲು ಗಾಳಕ್ಕೆ ಸಿಕ್ಕಿಸುವ ರಬ್ಬರ್ ಹುಳುಗಳ, ಅಂಗಡಿಯಿಂದ ತಂದ ಮೊದಲ ಪೊಟ್ಟಣವನ್ನು ಮುಗಿಸಲು ಭೀಮೆಯ ಜೊಂಡಿಗೆ ಒಂದು ತಿಂಗಳೂ ಬೇಕಾಗಲಿಲ್ಲ. ಯಾದಗಿರಿಯ ದಂಡೆಯಲ್ಲಿ ಗಾಳ ಎಸೆದರೆ ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಜೊಂಡಿಗೆ. ಎಳೆದಾಗ ಹುಳುವಿನ ಬಾಲ ಹರಿದಿರುತ್ತದೆ. ಹರಿದವನ್ನೆಲ್ಲ ಡಬ್ಬಿಯಲ್ಲಿ ಕೂಡಿಟ್ಟೆ. ಡಬ್ಬಿ ತುಂಬಿದ ದಿನ ಮನೆಯಲ್ಲೇ ಹುಳು ಎರೆಯುವ ಹುಚ್ಚು ಹತ್ತಿತು. ಜೆಲಾಟಿನ್, ಸಿಲಿಕೋನ್, ಹಳೆಯ ಹುಳುಗಳನ್ನೇ ಕರಗಿಸಿದ ಪಿವಿಸಿ ಪ್ಲಾಸ್ಟಿಕ್, ಮೂರರಲ್ಲೂ ಮಾಡಿ ನೋಡಿದ್ದೇನೆ. ಬಾಯಲ್ಲಿ ರಬ್ಬರ್ ಎಂದರೂ ಅಂಗಡಿಯ ಹುಳುಗಳು ಬಹುಪಾಲು ಮೃದುಗೊಳಿಸಿದ ಪಿವಿಸಿಯೇ.

ಜೆಲಾಟಿನ್ ಎಲ್ಲಕ್ಕಿಂತ ಸುಲಭ. ಪುಡಿಯನ್ನು ತಣ್ಣೀರಿನಲ್ಲಿ ನೆನೆಸಿ, ಗ್ಲಿಸರಿನ್ ಬೆರೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿದರೆ ಸಾಕು. ಕುದಿಸಬಾರದು, ಕುದಿದರೆ ಹಿಡಿತ ಹೋಗುತ್ತದೆ. ಬೆಳ್ಳುಳ್ಳಿ ರಸವನ್ನೂ ಹಾಕಿದೆ. ಜನವರಿಯಲ್ಲಿ ಮೀಸೆಯ ಮೀನುಗಳು ಇದಕ್ಕೆ ಚೆನ್ನಾಗಿಯೇ ಬಾಯಿ ಹಾಕಿದವು. ತುಂಡಾಗಿ ನೀರಿನಲ್ಲಿ ಉಳಿದರೂ ಕೊಳೆತು ಹೋಗುತ್ತದೆ ಎಂಬುದು ಉಳಿದೆರಡಕ್ಕೆ ಇಲ್ಲದ ಗುಣ. ಆದರೆ ಸ್ವಲ್ಪ ಹೊತ್ತಿನಲ್ಲೇ ನೀರು ಕುಡಿದು ಉಬ್ಬುತ್ತದೆ, ಜೋರಾಗಿ ಬೀಸಿದರೆ ಗಾಳದಿಂದ ಕಳಚಿ ಹಾರುತ್ತದೆ. ಏಪ್ರಿಲ್‌ನ ಒಂದು ಮಧ್ಯಾಹ್ನ ಬೈಕಿನ ಚೀಲ ತೆರೆದರೆ ಹನ್ನೆರಡು ಹುಳುಗಳು ಸೇರಿ ಒಂದೇ ಕೆಂಪು ಗಟ್ಟಿಯಾಗಿದ್ದವು. ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಬೇರೇನಾಗಬೇಕಿತ್ತು?

ಬಿಸಿಲಿಗೆ ಉತ್ತರ ಸಿಲಿಕೋನ್ ಎಂದುಕೊಂಡೆ. ಕಿಟಕಿಯ ಸಂದಿಗೆ ತುಂಬುವ, ವಿನೆಗರ್ ವಾಸನೆಯ ಟ್ಯೂಬ್ ತಂದು ಅಚ್ಚಿಗೆ ಒತ್ತಿದೆ. ಎರಡು ದಿನ ಬಿಟ್ಟು ಕತ್ತರಿಸಿದರೆ ಹೊರಗೆ ಚರ್ಮ, ಒಳಗೆ ಹಸಿ ಮುದ್ದೆ! ಅದು ಗಟ್ಟಿಯಾಗಲು ಗಾಳಿಯ ತೇವ ಬೇಕು, ಮುಚ್ಚಿದ ಅಚ್ಚಿನೊಳಗೆ ತೇವ ಹೋಗುವುದೆಲ್ಲಿಂದ? ಒಣಗಿದ ನಂತರವೂ ಗಾಳ ಚುಚ್ಚಿದ ಕಡೆ ಸಣ್ಣ ಸೀಳು ಬಿದ್ದರೆ ಸೀಳು ಬೆಳೆಯುತ್ತಲೇ ಹೋಗುತ್ತದೆ. ಬಣ್ಣವೂ ಅಂಟುವುದಿಲ್ಲ. ಹುಳುವಾಗಿ ಸಿಲಿಕೋನ್ ಸೋತಿತು, ಆದರೆ ಆ ಟ್ಯೂಬ್ ವ್ಯರ್ಥವಾಗಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಪಿವಿಸಿಯ ಕೆಲಸ ಅಂಗಳದಲ್ಲಿ, ಗಾಳಿ ಬೀಸುವ ಕಡೆಗೆ ಬೆನ್ನು ಹಾಕಿ. ಹುಳುಗಳನ್ನು ಸಣ್ಣಗೆ ಹೆಚ್ಚಿ, ಹಳೆಯ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕಲಕುತ್ತಿರಬೇಕು. ಸುಮಾರು 175 ಡಿಗ್ರಿಗೆ ಜೋನಿಬೆಲ್ಲದಂತೆ ಎಳೆಯಾಗಿ ಇಳಿಯುತ್ತದೆ. ಅಲ್ಲಿಂದ ಹೆಚ್ಚು ಮೇಲಕ್ಕೆ ಹೋಗಲು ಬಿಡಬಾರದು: ಹಳದಿಯಾಗಿ ಸುಟ್ಟು, ಮೂಗು ಉರಿಸುವ ಹೊಗೆ ಬರುತ್ತದೆ, ಆ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ಚರ್ಮಕ್ಕೆ ತಾಗಿದರೆ ಕಾದ ಬೆಲ್ಲದ ಪಾಕದಂತೆ ಅಂಟಿಕೊಂಡು ಸುಡುತ್ತದೆ. ಕೈಗವಸು, ಕನ್ನಡಕ ಎರಡೂ ಬೇಕು. ಪಾತ್ರೆಯನ್ನು ಮತ್ತೆ ಅಡುಗೆಮನೆಗೆ ಒಯ್ಯುವಂತಿಲ್ಲ. ಅವ್ವ ಅದಕ್ಕೆ ಹೊರಗಿನ ಗೂಟವೊಂದನ್ನು ಬಿಟ್ಟುಕೊಟ್ಟಿದ್ದಾಳೆ.

ಪಿವಿಸಿಗೆ ನನ್ನ ಮೊದಲ ಅಚ್ಚು ಪ್ಲಾಸ್ಟರ್ ಆಫ್ ಪ್ಯಾರಿಸ್‌ನದು. ಒಣಗಿದೆ ಎಂದುಕೊಂಡು ಎರೆದೆ. ಒಳಗೆ ಉಳಿದಿದ್ದ ನೀರು ಆವಿಯಾಗಿ ಚಿಮ್ಮಿ, ಹುಳುವಿನ ಮೈಯೆಲ್ಲ ಹೆಂಚಿನ ಮೇಲಿನ ರೊಟ್ಟಿಯಂತೆ ಬೊಬ್ಬೆಯೆದ್ದಿತು; ಮುಖಕ್ಕೆ ಸಿಡಿಯದಿದ್ದುದು ಪುಣ್ಯ. ಆಗ ನೆನಪಾದದ್ದು ಉಳಿದ ಸಿಲಿಕೋನ್. ಅದಕ್ಕೆ ಕಾರ್ನ್‌ಫ್ಲೋರ್ ಕಲಸಿದರೆ ಬೇಗ ಗಟ್ಟಿಯಾಗುತ್ತದೆ. ಒಂದು ಒಳ್ಳೆಯ ಹುಳುವಿಗೆ ಎಣ್ಣೆ ಸವರಿ ಆ ಕಣಕಕ್ಕೆ ಒತ್ತಿ, ಮರುದಿನ ಬಿಡಿಸಿದೆ. ಬಾಲದ ಗೆರೆಗಳೂ ಮೂಡಿದ್ದವು. ಬಿಸಿ ಪಿವಿಸಿಗೆ ಅದು ಜಗ್ಗಲಿಲ್ಲ, ಬಾಗಿಸಿದರೆ ಹುಳು ತಾನೇ ಹೊರಬರುತ್ತದೆ. ಆಮೇಲೆ ಪ್ಲಾಸ್ಟರ್ ಮುಟ್ಟಿಲ್ಲ.

ಕರಗಿಸಿದ ಪಿವಿಸಿಗೂ ಕುಂದುಗಳಿವೆ. ಪ್ರತಿ ಸಲ ಕಾಯಿಸಿದಾಗಲೂ ತುಸು ಬಿರುಸಾಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಡಬ್ಬಿಯ ತಳವನ್ನೇ ತಿಂದು ಅಂಟಾಗಿಸುತ್ತದೆ. ನನ್ನದೊಂದು ಹಾಗೆಯೇ ಹೋಯಿತು. ಈಗ ಅಂಗಡಿಯ ಹುಳುಗಳು ಬಂದ ಪೊಟ್ಟಣದಲ್ಲೇ ಇಡುತ್ತೇನೆ. ಕೆಂಪು, ಹಸಿರು, ನೇರಳೆ ಎಲ್ಲ ಬೆರೆತು ಬರುವ ಬಣ್ಣವಂತೂ ಮಳೆಗಾಲದ ಭೀಮೆಯದೇ. ಕಾಕಾ ಅದನ್ನು ಕೈಯಲ್ಲಿ ಹಿಡಿದು ನೋಡಿ, "ಎರೆಹೊಲದಲ್ಲಿ ಒಂದು ಗುದ್ದಲಿ ಹಾಕಿದ್ದರೆ ಇಂಥವು ಪುಕ್ಕಟೆ ಸಿಗುತ್ತಿದ್ದವಲ್ಲೋ" ಎಂದರು. ಮುಂದಿನ ಭಾನುವಾರ ಜೊಂಡಿನ ಅಂಚಿನಲ್ಲಿ ಆ ಮಣ್ಣುಬಣ್ಣದ ಹುಳುವಿಗೇ ಮೊಳದುದ್ದದ ಕೊರಮೀನು ಎರಗಿತು. ಕಾಕಾ ಮಾತಾಡಲಿಲ್ಲ. ಹೊರಡುವಾಗ ಎರಡು ಹುಳು ಕೇಳಿ ಒಯ್ದರು.