ಗಾಳ ಹಾಕುವ ಮುಂಚೆ ಆ ಕೆರೆ ಯಾರ ಗುತ್ತಿಗೆಯಲ್ಲಿದೆ ಅಂತ ಕೇಳಿ

ನನ್ನ ಗಾಳದ ಕೋಲು ಹದಿನೈದು ದಿನದಿಂದ ಮೀನುಗಾರರ ಸಂಘದ ಒಂದು ತಗಡಿನ ಶೆಡ್ಡಿನಲ್ಲಿದೆ. ಅದರ ಜೊತೆ ಕೈಬಿಟ್ಟು ಹೋಗಿದ್ದು 50 ಮೀಟರ್ ಬಲೆ, ಮಡಚುವ ಪಂಜರ, ಅಕ್ಕನ ಮಗನ ಟೋಪಿ. 4,000 ರೂಪಾಯಿ ದಂಡ ಕಟ್ಟಿದ್ದೇನೆ, ಪಂಚಾಯಿತಿ ಕಟ್ಟೆಯ ಮೇಲೆ ಕೂತು ತಪ್ಪೊಪ್ಪಿಗೆ ಬರೆದುಕೊಟ್ಟಿದ್ದೇನೆ. ದಾವಣಗೆರೆ, ಹರಿಹರ, ಚನ್ನಗಿರಿ ಕಡೆ ಭಾನುವಾರ ಬಂತೆಂದರೆ ಗಾಳ ಹಿಡಿದು ಹೊರಡುವವರು ಈಗ ಜಾಸ್ತಿ ಆಗಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮರ್ಯಾದೆ ಹೋಗಿದ್ದು ಹೋಯಿತು, ಮುಚ್ಚಿಟ್ಟು ಏನು ಪ್ರಯೋಜನ?

ಶುರುವಾಗಿದ್ದು ಮೊಬೈಲಿನಲ್ಲಿ. ರಾತ್ರಿ ಮಲಗಿಕೊಂಡು ಮೀನು ಹಿಡಿಯುವ ವಿಡಿಯೋ ನೋಡುವ ಚಟ ನನಗೆ. ಒಂದು ದಿನ ರಾಡು, ರೀಲು ತರಿಸಿದೆ, 1,800 ರೂಪಾಯಿ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆಮೇಲೆ 'ಇದನ್ನೂ ನೋಡಿ' ಅಂತ ಕೆಳಗೆ ಒಂದೊಂದೇ ಬಂದವು. ಕೊಡೆಯ ಹಾಗೆ ಬಿಚ್ಚಿಕೊಳ್ಳುವ ಪಂಜರ, 650. ತಂಗೂಸಿ, ಅಂದರೆ ನೈಲಾನ್ ದಾರದ ಬಲೆ, 900. ಬಲೆಯ ಪ್ಯಾಕೆಟ್ ಮೇಲೆ ನಗುತ್ತಿರುವ ಮೀನಿನ ಚಿತ್ರ. ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವ ಸಾಮಾನು ತಾನೆ, ತಪ್ಪೇನಿರುತ್ತೆ ಅಂದುಕೊಂಡೆ. ಮಾರಾಟಕ್ಕೆ ಸಿಗುತ್ತೆ ಅನ್ನುವುದಕ್ಕೂ ಕೆರೆಗೆ ಬಿಡಬಹುದು ಅನ್ನುವುದಕ್ಕೂ ಸಂಬಂಧವೇ ಇಲ್ಲ ಅಂತ ಆಗ ಹೊಳೆಯಲಿಲ್ಲ.

ಹೋಗಿದ್ದು ಊರಿನಿಂದ ಅರ್ಧ ಗಂಟೆ ದೂರದ ಒಂದು ಕೆರೆಗೆ. ಹೆಸರು ಬೇಡ, ಆ ಊರಿನವರದ್ದು ಏನೂ ತಪ್ಪಿಲ್ಲ. ನವೆಂಬರ್ ತಿಂಗಳು, ಕೆರೆ ತುಂಬಿತ್ತು. ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ನಾನು ಮತ್ತು ಅಕ್ಕನ ಮಗ ಏರಿ ಮೇಲೆ ಗಾಡಿ ನಿಲ್ಲಿಸಿದೆವು. ಐದು ನಿಮಿಷ ಆಗಿಲ್ಲ, ಒಬ್ಬ ಬೈಕಿನಲ್ಲಿ ಬಂದ. ಕೊರಳಲ್ಲಿ ಟವೆಲ್ಲು, ಜೇಬಿನಲ್ಲಿ ರಸೀದಿ ಪುಸ್ತಕ.

"ಗಾಳ ಆದ್ರೆ 300 ಅಣ್ಣ, ಬಲೆ ಬಿಡೋದಾದ್ರೆ 500. ಸಂಜೆ ತನಕ ನಿಮ್ದೇ ಕೆರೆ."

ಕೊಟ್ಟೆ. ಅವನು ಹರಿದುಕೊಟ್ಟ ಚೀಟಿಯನ್ನು ಇವತ್ತೂ ಇಟ್ಟುಕೊಂಡಿದ್ದೇನೆ. ಮೇಲೆ 'ಮೀನು ಹಿಡಿಯಲು ಅನುಮತಿ' ಅಂತ ಅಚ್ಚಾಗಿದೆ. ಕೆಳಗೆ ನೇರಳೆ ಬಣ್ಣದ ಸೀಲು, ಅರ್ಧ ಅಳಿಸಿದೆ. ಕೆರೆಯ ಹೆಸರಿಲ್ಲ. ತಾರೀಕಿಲ್ಲ. ಯಾವ ಸಂಘ, ಯಾವ ಪಂಚಾಯಿತಿ, ನಂಬರ್ ಎಷ್ಟು, ಒಂದೂ ಇಲ್ಲ. ತರಕಾರಿ ಸಂತೆಯ ಸುಂಕದ ಚೀಟಿಯಲ್ಲೂ ಇದಕ್ಕಿಂತ ಜಾಸ್ತಿ ಬರೆದಿರುತ್ತೆ. ಆದರೆ ಮೀನಿನ ಆಸೆಗೆ ಬಿದ್ದವನಿಗೆ ಚೀಟಿ ಓದುವ ಪುರಸೊತ್ತು ಎಲ್ಲಿ?

ಎರೆಹುಳು ಸಿಕ್ಕಿಸಿ ಗಾಳ ಬಿಟ್ಟೆ. ಪಂಜರದೊಳಗೆ ಅಕ್ಕಿ ತೌಡಿನ ಉಂಡೆ ಇಟ್ಟು ಜೊಂಡಿನ ಪಕ್ಕ ಪೂರ್ತಿ ಮುಳುಗಿಸಿದೆ. ಬಲೆಯನ್ನು ಎರಡು ಗೂಟಕ್ಕೆ ಕಟ್ಟಿ ಅಡ್ಡ ಬಿಟ್ಟೆವು. ಗಾಳಕ್ಕೆ ಎರಡು ಜಿಲೇಬಿ ಮೀನು ಬಿದ್ದವು, ಅಂಗೈ ಅಗಲ. ಖುಷಿಯೋ ಖುಷಿ.

ಮೂರೂವರೆ ಹೊತ್ತಿಗೆ ತೆಪ್ಪದಲ್ಲಿ ಮೂವರು ಬಂದರು. ಅವರಲ್ಲಿ ಹಿರಿಯರೊಬ್ಬರು, ಅರವತ್ತು ದಾಟಿರಬೇಕು. ಬೈಯಲಿಲ್ಲ. "ಯಾರನ್ನ ಕೇಳಿ ಬಿಟ್ರಿ ಈ ಬಲೆ?" ಅಂದರು ಅಷ್ಟೆ. ನಾನು ದೊಡ್ಡ ಜಂಬದಿಂದ ಚೀಟಿ ತೋರಿಸಿದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಪಕ್ಕದವನ ಕೈಗೆ ಕೊಟ್ಟರು. ಅವನು ನಕ್ಕುಬಿಟ್ಟ. ಕೆರೆಯನ್ನು ಗುತ್ತಿಗೆ ಹಿಡಿದಿದ್ದು ಅವರ ಮೀನುಗಾರರ ಸಂಘ. ಟವೆಲ್ಲಿನವನು ಯಾರೋ ಏನೋ, ಹಿಂದಿನ ತಿಂಗಳು ಇನ್ನೊಂದು ಕೆರೆಯಲ್ಲೂ ಹೀಗೇ ಮಾಡಿದ್ದನಂತೆ.

ಆಮೇಲೆ ಅವರು ಬಲೆ ಎತ್ತಿದರು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನನ್ನ ಬಲೆಯ ಕಣ್ಣಿನಲ್ಲಿ ಹೆಬ್ಬೆರಳು ತೂರುತ್ತಿರಲಿಲ್ಲ. ಸಿಕ್ಕಿದ್ದೆಲ್ಲ ಮರಿ. ಬೆರಳುದ್ದದವು, ಕೆಲವು ಗೇಣಿಗಿಂತ ಕಡಿಮೆ. ಕಾಟ್ಲಾ, ರೋಹು. ಕಿವಿರಿಗೆ ದಾರ ಸಿಕ್ಕಿಕೊಂಡು ಬಹಳಷ್ಟು ಸತ್ತಿದ್ದವು. ಹಿರಿಯರು ಒಂದೊಂದನ್ನೇ ಬಿಡಿಸಿ ತೆಪ್ಪದಲ್ಲಿ ಸಾಲಾಗಿ ಇಟ್ಟರು. ಅರವತ್ತೆರಡು. "ಮಳೆ ಬಿದ್ಮೇಲೆ ದುಡ್ಡು ಕೊಟ್ಟು ತಂದು ಬಿಟ್ಟ ಮರಿ ಇವು. ಬೇಸಿಗೆ ತನಕ ಇದ್ದಿದ್ರೆ ಒಂದೊಂದೂ ತಕ್ಕಡಿಗೆ ಬರೋದು" ಅಂದರು. ಪ್ಲಾಸ್ಟಿಕ್ ಚೀಲದಲ್ಲಿ ಆಕ್ಸಿಜನ್ ತುಂಬಿಸಿ ಮರಿ ತರುತ್ತಾರೆ. ತಂದ ತಕ್ಷಣ ಸುರಿಯುವುದಿಲ್ಲ. ಚೀಲವನ್ನು ಹಾಗೇ ಕೆರೆಯಲ್ಲಿ ತೇಲಿಬಿಟ್ಟು, ಒಳಗಿನ ನೀರು ಹೊರಗಿನ ನೀರಿನಷ್ಟೇ ತಣ್ಣಗಾಗಲಿ ಅಂತ ಕಾಯುತ್ತಾರೆ. ಆಮೇಲೆ ಬಾಯಿ ಬಿಚ್ಚಿ ಮರಿಗಳು ತಾವಾಗೇ ಈಜಿ ಹೋಗಲಿ ಅಂತ ಬಿಡುತ್ತಾರೆ. ಅಷ್ಟು ಜೋಪಾನ ಮಾಡಿದ ಮರಿಯನ್ನು ನಾನು 900 ರೂಪಾಯಿ ಬಲೆಯಲ್ಲಿ ಮೂರು ಗಂಟೆಯಲ್ಲಿ ಸಾಯಿಸಿದ್ದೆ.

ಪಂಜರದಲ್ಲಿ ಮೀನಿರಲಿಲ್ಲ. ಆಮೆ ಇತ್ತು. ಮೆತ್ತನೆ ಚಿಪ್ಪಿನ ಆಮೆ, ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿ ಕಾಣುವಂಥದ್ದು. ಆಮೆಗೆ ಕಿವಿರಿಲ್ಲ, ಆಗಾಗ ಮೇಲೆ ಬಂದು ಉಸಿರು ಎಳೆದುಕೊಳ್ಳಬೇಕು. ಮುಳುಗಿಸಿಟ್ಟ ಪಂಜರದಲ್ಲಿ ಸಿಕ್ಕಿದರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತೆ. ನಮ್ಮದು ಇನ್ನೂ ಕತ್ತು ಚಾಚುತ್ತಿತ್ತು, ಪುಣ್ಯ. ಅವರು ಪಂಜರವನ್ನು ತಲೆಕೆಳಗು ಮಾಡಿ ಮೆಲ್ಲಗೆ ನೀರಿಗೆ ಬಿಟ್ಟರು. ಅಕ್ಕನ ಮಗ "ಮಾವ, ಮನೆಗೆ ತಗೊಂಡು ಹೋಗೋಣ್ವಾ, ತೊಟ್ಟೀಲಿ ಸಾಕೋಣ" ಅಂದ. ಹಿರಿಯರು ಅವನ ಕಡೆ ಒಂದು ನೋಟ ಬೀರಿದರು. ಈ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಮನೆಗೆ ತಂದಿದ್ದರೆ 4,000ಕ್ಕೆ ಮುಗಿಯುತ್ತಿರಲಿಲ್ಲ.

ಮರುವಾರ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ ಕೂತೆ. ಮೊದಲೇ ಹೋಗಬೇಕಿತ್ತು, ಒಂದು ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಅಲ್ಲಿ ತಿಳಿದಿದ್ದು ಇಷ್ಟು. ಕೆರೆ ಊರಿನದು, ನೀರು ಎಲ್ಲರದು, ಮೀನು ಮಾತ್ರ ಗುತ್ತಿಗೆದಾರರದ್ದು. ದೊಡ್ಡ ಕೆರೆಗಳನ್ನು ಇಲಾಖೆ ಗುತ್ತಿಗೆಗೆ ಕೊಡುತ್ತೆ, ಚಿಕ್ಕವನ್ನು ಗ್ರಾಮ ಪಂಚಾಯಿತಿ. ಗುತ್ತಿಗೆ ಹಿಡಿಯುವವರು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘದವರು. ನದಿ, ಜಲಾಶಯಗಳದ್ದು ಬೇರೆ, ಅಲ್ಲಿ ಹೆಚ್ಚಾಗಿ ಇಲಾಖೆಯ ಪರವಾನಗಿ. ಅಂದರೆ ಸೂಳೆಕೆರೆಯಲ್ಲಿ ಒಂದು ಲೆಕ್ಕ, ಹರಿಹರದ ಹೊಳೆಯಲ್ಲಿ ಇನ್ನೊಂದು, ವಾಣಿವಿಲಾಸ ಸಾಗರದಲ್ಲಿ ಮತ್ತೊಂದು. ಒಂದು ಕಡೆ ತಗೊಂಡ ಚೀಟಿ ಇನ್ನೊಂದು ಕಡೆ ನಡೆಯಲ್ಲ. ಇದಕ್ಕೆಲ್ಲ ಕರ್ನಾಟಕದ್ದೇ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ, 1996ರದ್ದು. ನಾನು ಹೆಸರೂ ಕೇಳಿರಲಿಲ್ಲ.

ಹಾಗಾಗಿ ದುಡ್ಡು ಕೊಡುವ ಮುಂಚೆ ಗುತ್ತಿಗೆ ಯಾರದ್ದು ಅಂತ ಊರಿನಲ್ಲಿ ಇಬ್ಬರನ್ನು ಕೇಳಿ. ಟೀ ಅಂಗಡಿಯವರಿಗೆ ಗೊತ್ತಿರುತ್ತೆ, ಪಂಚಾಯಿತಿಯಲ್ಲಂತೂ ಗೊತ್ತೇ ಇರುತ್ತೆ. ಏರಿ ಮೇಲೆ ತಾನಾಗೇ ಬಂದು ರಸೀದಿ ಹರಿಯುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಡುವುದೇ ಆದರೆ ಕೆರೆ ಹೆಸರು, ತಾರೀಕು, ಯಾವ ಸಾಮಾನಿಗೆ ಅನುಮತಿ ಅನ್ನುವುದನ್ನು ಬರೆಸಿಕೊಳ್ಳಿ. ಗಾಳಕ್ಕೆ ಕೊಟ್ಟ ಅನುಮತಿ ಬಲೆಗೆ ಆಗಲ್ಲ. ಸಾಮಾನ್ಯವಾಗಿ ಸಂಘದವರು ಒಂದು ಕೋಲು, ಒಂದು ಗಾಳ ಅಂದರೆ ಬೇಡ ಅನ್ನುವುದಿಲ್ಲ. ಬಲೆ ಕಂಡರೆ ಮಾತ್ರ ಮುಖ ಬದಲಾಗುತ್ತೆ. ಯಾಕೆ ಅಂತ ನಾನೇ ನೋಡಿದೆನಲ್ಲ.

ಇನ್ನೊಂದು ವಿಷಯ. ಆ ದಿನ ಪಂಚಾಯಿತಿ ಕಟ್ಟೆಯ ಮೇಲೆ ಒಬ್ಬ ಹುಡುಗ ನನಗೆ ಸಮಾಧಾನ ಹೇಳುವ ಹಾಗೆ, "ನೀವು ಬಲೆನಾದ್ರೂ ಬಿಟ್ರಿ, ಕೆಲವರು ಕರೆಂಟ್ ಬಿಡ್ತಾರೆ" ಅಂದ. ಲೈನಿನಿಂದ ವೈರ್ ಎಳೆಯುವುದು, ಇಲ್ಲಾ ಇನ್ವರ್ಟರ್ ಬ್ಯಾಟರಿ ಬೆನ್ನಿಗೆ ಕಟ್ಟಿಕೊಳ್ಳುವುದು. ಒದ್ದೆ ಕಾಲಿನಲ್ಲಿ ನಿಂತು ಮಾಡುವ ಕೆಲಸ, ಮೀನಿಗಿಂತ ಮುಂಚೆ ಮನುಷ್ಯ ಹೋಗುತ್ತಾನೆ. ಕಲ್ಲು ಕ್ವಾರಿ ಜಾಸ್ತಿ ಇರುವ ಕಡೆ ಜಿಲೆಟಿನ್ ತೋಟೆಯ ಮಾತೂ ಕೇಳಿಬರುತ್ತೆ. ತೋಟೆ ಸಿಡಿದರೆ ಮೀನಿನ ಹೊಟ್ಟೆಯೊಳಗಿನ ಗಾಳಿ ಚೀಲ ಒಡೆದುಹೋಗುತ್ತೆ. ತೇಲಿ ಬರುವುದು ಸ್ವಲ್ಪ, ತಳಕ್ಕೆ ಹೋಗಿ ಕೊಳೆಯುವುದು ಬಹಳ. ಕಾರೆಕಾಯಿ ಜಜ್ಜಿ ಹಾಕುವುದು, ಸುಣ್ಣ ಕದಡುವುದು, ಈಗೀಗ ಅಡಿಕೆ ತೋಟದ ಔಷಧಿ ಸುರಿಯುವುದು, ಎಲ್ಲ ಒಂದೇ ಜಾತಿಯ ಕೆಲಸ. ಬ್ರಿಟಿಷರ ಕಾಲದ 1897ರ ಮೀನುಗಾರಿಕೆ ಕಾಯ್ದೆಯಲ್ಲೇ ತೋಟೆ, ವಿಷ, ಸುಣ್ಣ ಮೂರನ್ನೂ ಹೆಸರು ಹೇಳಿ ಅಪರಾಧ ಮಾಡಿದ್ದಾರೆ. ಸುಣ್ಣವನ್ನೂ ಬಿಟ್ಟಿಲ್ಲ ನೋಡಿ. ಅದೇ ನೀರನ್ನು ದನ ಕುಡಿಯುತ್ತೆ ಅಲ್ವಾ?

ಕೋಡಿಯ ಹತ್ತಿರ ಹಿಡಿಯುವವರಿಗೂ ಒಂದು ಮಾತು. ಹೊಸ ನೀರು ಬಂದಾಗ ಮೊಟ್ಟೆ ತುಂಬಿದ ಮೀನು ಹರಿವಿಗೆ ಎದುರಾಗಿ ಹತ್ತುತ್ತೆ. ವಾಣಿವಿಲಾಸ ಸಾಗರ 1933 ಆದ ಮೇಲೆ 2022ರಲ್ಲಿ ಕೋಡಿ ಬಿದ್ದಾಗ ನೋಡಲು ಜನ ಜಾತ್ರೆಯ ಹಾಗೆ ಸೇರಿದ್ದರು. ಅಂಥ ಕಡೆ ಕೂಳಿ (ಮೀನು ಹಿಡಿಯುವ ಬುಟ್ಟಿ) ಇಟ್ಟು ಬಾಚಿದರೆ ಮುಂದಿನ ವರ್ಷದ ಮೀನನ್ನು ಈ ವರ್ಷವೇ ತಿಂದ ಹಾಗೆ. ಕಾಲು ಜಾರಿದರೆ ಅದು ಬೇರೆ ಕಥೆ.

ಗಾಳದಲ್ಲೂ ಎಲ್ಲ ಸಲೀಸು ಅಂತಲ್ಲ. ಹರಿದ ತಂಗೂಸಿಯನ್ನು ಅಲ್ಲೇ ಎಸೆದು ಬರುತ್ತೇವೆ, ಬೆಳ್ಳಕ್ಕಿ ಕಾಲಿಗೆ ಸುತ್ತಿಕೊಳ್ಳುತ್ತೆ. ಜೇಬಿಗೆ ಹಾಕಿಕೊಂಡು ಬನ್ನಿ. ಸಣ್ಣ ಮೀನನ್ನು ವಾಪಸ್ ಬಿಡುವುದಾದರೆ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣಗಿದ ಕೈಗೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತೆ. ಗಾಳದ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿದರೆ ಬಿಡಿಸುವುದು ಸುಲಭ. ಕೆಲವು ಮೀನು ತಪ್ಪಿಸಿಕೊಳ್ಳುತ್ತೆ, ಹೋಗಲಿ ಬಿಡಿ.

ನಿನ್ನೆ ಹಿರಿಯರು ಫೋನ್ ಮಾಡಿದ್ದರು. ಭಾನುವಾರ ಬಂದು ಕೋಲು ತಗೊಂಡು ಹೋಗಬಹುದಂತೆ, ಬೇಕಾದರೆ ತೂಬಿನ ಪಕ್ಕ ಸಂಘದ ರಸೀದಿ ಮಾಡಿಸಿ ಕೂರಬಹುದಂತೆ, 100 ರೂಪಾಯಿ. ಬಲೆಯನ್ನು ಆವತ್ತೇ ಸುಟ್ಟಿದ್ದಾರೆ. ಟೋಪಿ ಇದೆ. "ಆ ಪಂಜರ ಮಾತ್ರ ಕೇಳ್ಬೇಡಿ, ಅದ್ರಲ್ಲಿ ಕೋಳಿಮರಿ ಬಿಟ್ಟಿದ್ದೀವಿ" ಅಂದರು.